ಠಾಣೆಯಿಂದ ದಿಕ್ಕು ಮತ್ತು ದೂರ

ಪೊಲೀಸ್ ಠಾಣೆಯ ಪ್ರಥಮ ವರ್ತಮಾನ ವರದಿಯಲ್ಲಿ ಒಂದು ಅಂಕಣವುಂಟು. ಕೃತ್ಯ ನಡೆದ ಸ್ಥಳ ಠಾಣೆಯಿಂದ ಯಾವ ದಿಕ್ಕಿಗಿದೆ, ಎಷ್ಟು ದೂರದಲ್ಲಿದೆ ಎಂಬುದನ್ನು ಅಲ್ಲಿ ನಮೂದಿಸಬೇಕು. ‘ಉತ್ತರಕ್ಕೆ 4 ಮೈಲಿ’ ಎಂದು ಬರೆದರೆ ಅಂಕಣ ತುಂಬಿತು. ಠಾಣೆಯೇ ಸೀಮೆಯ ನಡುಗಂಬ, ಊರು ಕೇರಿ ಹೊಲ ಕಾಡುಗಳೆಲ್ಲ ಅದರ ಸುತ್ತ ಹರಡಿಕೊಂಡಿವೆ ಎಂದು ನಂಬಿದ್ದ ಕಾಲದ ಲೆಕ್ಕ ಇದು. ದನಗಳ್ಳತನಕ್ಕೆ, ಕನ್ನಕ್ಕೆ, ಗದ್ದೆಯ ಬದುವಿನ ಹೊಡೆದಾಟಕ್ಕೆ ಅಷ್ಟು ಸಾಕಾಗುತ್ತಿತ್ತು. ಎಲ್ಲಿ ಕದ್ದ ಎನ್ನುವುದಕ್ಕಿಂತ ಕದ್ದವನು ಯಾರು ಎನ್ನುವುದೇ ದೊಡ್ಡದಾಗಿದ್ದ ಪುಸ್ತಕ ಅದು. ಆ ಪುಸ್ತಕದೊಳಕ್ಕೆ ಒಂದು ದಿನ ಮೋಟಾರು ನುಗ್ಗಿತು.

ವಿಚಿತ್ರವೆಂದರೆ, ಮೋಟಾರು ಹುಟ್ಟುವ ಮೊದಲೇ ಅದರ ಅಪರಾಧ ಹುಟ್ಟಿತ್ತು. 1860ರಲ್ಲಿ ಅಂಗೀಕಾರವಾಗಿ 1862ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ದಂಡ ಸಂಹಿತೆಯ 279ನೇ ಕಲಮು, ಸಾರ್ವಜನಿಕ ದಾರಿಯಲ್ಲಿ ದುಡುಕಿನಿಂದ ಗಾಡಿ ಹೊಡೆಯುವವನನ್ನೂ ಸವಾರಿ ಮಾಡುವವನನ್ನೂ ಒಟ್ಟಿಗೇ ಹಿಡಿಯುತ್ತದೆ. ಸವಾರಿ ಎಂದರೆ ಆಗ ಕುದುರೆ. ನಿರ್ಲಕ್ಷ್ಯದಿಂದಾದ ಸಾವಿಗೆ ಎರಡು ವರ್ಷ ಸಜೆ ಹೇಳುವ 304ಎ ಕಲಮನ್ನು 1870ರಲ್ಲಿ ಸೇರಿಸಿದರು. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಗಾಲಿಯ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1886ರಲ್ಲಿ. ಜಟಕಾ, ಸಾರೋಟು, ಎತ್ತಿನ ಗಾಡಿಗಳನ್ನು ಕಣ್ಣಮುಂದಿಟ್ಟುಕೊಂಡು ಬರೆದ ನಾಲ್ಕು ಸಾಲುಗಳು ಮುಂದೆ ಬಸ್ಸು, ಲಾರಿ, ಟ್ಯಾಂಕರುಗಳನ್ನೆಲ್ಲ ನೂರು ವರ್ಷಕ್ಕೂ ಮಿಕ್ಕಿ ಹೊತ್ತವು.

1914ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆ ಮೊದಲ ಮೋಟಾರು ವಾಹನ ಕಾಯ್ದೆ ಬಂತು. 1939ರಲ್ಲಿ ಅದಕ್ಕಿಂತ ವಿಸ್ತಾರವಾದ ಎರಡನೆಯದು. ಕನ್ನಡ ನಾಡು ಆಗ ಒಂದು ನಾಡಾಗಿರಲಿಲ್ಲ. ಮೈಸೂರಿಗೆ ಮಹಾರಾಜರ ಸರ್ಕಾರ, ಧಾರವಾಡ ಬೆಳಗಾವಿಗಳಿಗೆ ಮುಂಬಯಿ, ಮಂಗಳೂರು ಬಳ್ಳಾರಿಗಳಿಗೆ ಮದರಾಸು, ಕಲಬುರಗಿ ರಾಯಚೂರು ಬೀದರಿಗೆ ನಿಜಾಮ, ಕೊಡಗಿಗೆ ಬೇರೆಯೇ ಕಮಿಷನರು. ನಿಜಾಮನ ಕಚೇರಿಯ ಭಾಷೆ ಉರ್ದು. ಈ ಎಲ್ಲ ಕಡೆಯ ಕಾಗದದ ಭಾಷೆ ಒಂದರೊಳಗೊಂದು ಬೆರೆತು ಇವತ್ತಿಗೂ ಉಳಿದಿದೆ: ಫಿರ್ಯಾದಿ, ದಸ್ತಗಿರಿ, ಜಪ್ತಿ, ಮುದ್ದೆಮಾಲು, ಮಹಜರು. ಕರ್ನಾಟಕದ ಯಾವ ಠಾಣೆಗೆ ಹೋದರೂ ಅಪಘಾತದ ಕಡತ ಈ ಪದಗಳಿಲ್ಲದೆ ಒಂದು ಹಾಳೆಯೂ ಮುಂದೆ ಸರಿಯದು.

ಆ ಹಳೆಯ ಮಹಜರಿನ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಸುದ್ದಿ ಬರುತ್ತಿದ್ದುದು ಆಸ್ಪತ್ರೆಯಿಂದ, ಇಲ್ಲವೇ ಆ ದಾರಿಯಾಗಿ ಬಂದ ಇನ್ನೊಂದು ಬಸ್ಸಿನ ಕಂಡಕ್ಟರನಿಂದ. ಸಬ್ ಇನ್ಸ್‌ಪೆಕ್ಟರರೋ ಹೆಡ್ ಕಾನ್‌ಸ್ಟೇಬಲರೋ ಹೊರಟು ಸ್ಥಳ ಸೇರುವಷ್ಟರಲ್ಲಿ ಗಾಯಾಳುಗಳನ್ನು ಸಾಗಿಸಿ ಆಗಿರುತ್ತಿತ್ತು; ಎಷ್ಟೋ ಸಲ ವಾಹನವನ್ನೂ ಪಕ್ಕಕ್ಕೆ ತಳ್ಳಿ ಆಗಿರುತ್ತಿತ್ತು. ಉಳಿದದ್ದು ಒಡೆದ ಗಾಜು, ಎಣ್ಣೆಯ ಕಲೆ, ಒಣಗುತ್ತಿದ್ದ ರಕ್ತ, ಗಾಲಿ ಉಜ್ಜಿದ ಗುರುತು. ಹತ್ತಿರದ ಹೊಲದವರನ್ನೋ ಚಹದಂಗಡಿಯವರನ್ನೋ ಪಂಚರೆಂದು ಕರೆದು ನಿಲ್ಲಿಸಿ, ಅವರ ಸಮಕ್ಷಮದಲ್ಲಿ ಬರವಣಿಗೆ ಶುರುವಾಗುತ್ತಿತ್ತು. ಅದರಲ್ಲಿ ಚಕ್ಕುಬಂದಿ ತಪ್ಪುತ್ತಿರಲಿಲ್ಲ: ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ, ಉತ್ತರ ದಕ್ಷಿಣಕ್ಕೆ ಹಾದುಹೋದ ಡಾಂಬರು ರಸ್ತೆ. ಜಮೀನಿನ ಕ್ರಯಪತ್ರ ಬರೆಯುವ ಕೈಯೇ ಸಾವಿನ ಜಾಗವನ್ನೂ ಬರೆಯಿತು. ನಕ್ಷೆಯೊಂದಿರುತ್ತಿತ್ತು, ಕಣ್ಣಂದಾಜಿನದು; ಎರಡು ಗೆರೆ ರಸ್ತೆ, ಒಂದು ಗುಣಾಕಾರದ ಚಿಹ್ನೆ ಡಿಕ್ಕಿಯಾದ ಜಾಗ, ಪಕ್ಕದಲ್ಲಿ ಒಂದು ಮರ. ಆ ಮರ ಬಹಳ ಮುಖ್ಯ. ಮೈಲುಗಲ್ಲು ಹತ್ತಿರವಿಲ್ಲದ ಕಡೆ ಆಲದ ಮರವೋ ಹುಣಸೆ ಮರವೋ ಕೃತ್ಯಸ್ಥಳಕ್ಕೆ ವಿಳಾಸ ಕೊಡುತ್ತಿತ್ತು. ರಸ್ತೆ ಅಗಲವಾದಾಗ ಮರ ಹೋಯಿತು, ಅದರೊಡನೆ ವಿಳಾಸವೂ ಹೋಯಿತು.

ಇನ್ನು ವಾಕ್ಯ. ‘ಅತಿವೇಗ ಮತ್ತು ಅಜಾಗರೂಕತೆಯಿಂದ, ಮಾನವ ಜೀವಕ್ಕೆ ಅಪಾಯವಾಗುವ ರೀತಿಯಲ್ಲಿ ಚಾಲನೆ ಮಾಡಿಕೊಂಡು ಬಂದು ಡಿಕ್ಕಿ ಪಡಿಸಿದ ಪರಿಣಾಮ’ ಎಂಬುದನ್ನು ಕನ್ನಡದ ಯಾವ ಅಪಘಾತದ ದೂರಿನಲ್ಲಾದರೂ ಕಾಣಬಹುದು. ಎದುರುಬದುರು ಗುದ್ದಿದರೂ ಇದೇ, ಮಳೆಯಲ್ಲಿ ಜಾರಿದರೂ ಇದೇ, ದೀಪವಿಲ್ಲದೆ ನಿಂತ ಲಾರಿಯ ಹಿಂಬದಿಗೆ ಬೈಕು ಹೊಕ್ಕರೂ ಇದರ ಅಣ್ಣನೋ ತಮ್ಮನೋ. ಠಾಣೆಯ ರೈಟರ್ ಸೋಮಾರಿ ಎಂದು ಇದನ್ನು ನೋಡಿ ನಗುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ದುಡುಕು, ನಿರ್ಲಕ್ಷ್ಯ ಎರಡೂ ಕಲಮಿನ ಪದಗಳು. ಅವಿಲ್ಲದೆ ದೋಷಾರೋಪಣಾ ಪಟ್ಟಿ ನ್ಯಾಯಾಲಯದ ಮೆಟ್ಟಿಲ ಮೇಲೇ ಮುಗ್ಗರಿಸುತ್ತದೆ. ರೈಟರ್ ಬರೆದದ್ದು ಕಾನೂನು ಕೇಳಿದ್ದನ್ನು. ತಿರುವಿನ ಓರೆ ತಪ್ಪಾಗಿತ್ತೇ, ಸೇತುವೆಗೆ ತಡೆಗೋಡೆ ಇತ್ತೇ ಎಂದು ಕಾನೂನು ಅವನನ್ನು ಕೇಳಲೇ ಇಲ್ಲ. ವಾಹನವನ್ನು ಪರೀಕ್ಷಿಸಿದ ಮೋಟಾರು ವಾಹನ ನಿರೀಕ್ಷಕರ ವರದಿಗೂ ಇಂಥದೇ ಒಂದು ಕೊನೆಯ ಸಾಲು ರೂಢಿಗೆ ಬಂತು: ಅಪಘಾತಕ್ಕೆ ವಾಹನದ ಯಾಂತ್ರಿಕ ದೋಷ ಕಾರಣವಲ್ಲ. ರಸ್ತೆ ನಿರ್ದೋಷಿ, ಯಂತ್ರ ನಿರ್ದೋಷಿ; ಉಳಿದವನು ಚಾಲಕ. ಚಾಲಕರಲ್ಲಿಯೂ ದೊಡ್ಡ ಗಾಡಿಯವನೇ ತಪ್ಪಿತಸ್ಥ ಎಂಬುದು ಬರೆಯದ ಕಲಮಾಯಿತು.

ಈ ಕಾಗದಕ್ಕೆ ಹಣದ ಬೆಲೆ ಬಂದದ್ದು ವಿಮೆಯಿಂದ. ಮೂರನೆಯವರ ಪರವಾದ ವಿಮೆ ದೇಶದಲ್ಲಿ 1946ರಿಂದ ಕಡ್ಡಾಯವಾಯಿತು. 1956ರ ತಿದ್ದುಪಡಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳಿಗೆ ದಾರಿ ಮಾಡಿತು. ಕರ್ನಾಟಕ ಏಕೀಕರಣವಾದದ್ದೂ ಅದೇ ವರ್ಷ. ಆಮೇಲೆ ಮಹಜರಿನ ನಕಲು, ಗಾಯದ ಪ್ರಮಾಣಪತ್ರ, ಪ್ರಥಮ ವರ್ತಮಾನ ವರದಿ ಇವು ವಿಧವೆಯ ಸೆರಗಿನ ಗಂಟಿಗೂ ವಕೀಲರ ಕಡತಕ್ಕೂ ಸೇರಿದವು. ನಕಲಿಗಾಗಿ ಠಾಣೆಗೆ ತಿಂಗಳುಗಟ್ಟಲೆ ಅಲೆದವರುಂಟು. ಬೆಲೆ ಬಂದಲ್ಲಿ ಕಳ್ಳವ್ಯಾಪಾರವೂ ಬರುತ್ತದೆ: ಲೈಸೆನ್ಸ್ ಇಲ್ಲದವನು ಓಡಿಸಿದ ಗಾಡಿಗೆ ಲೈಸೆನ್ಸ್ ಇದ್ದವನು ಚಾಲಕನಾಗಿ ಬಂದು ನಿಲ್ಲುವುದು, ತಾನೇ ಬಿದ್ದವನ ಗಾಯಕ್ಕೆ ವಿಮೆಯಿರುವ ಗಾಡಿಯೊಂದು ಹುಟ್ಟಿಕೊಳ್ಳುವುದು ನ್ಯಾಯಮಂಡಳಿಗಳಿಗೆ ಹೊಸದಲ್ಲ. 1988ರ ಮೋಟಾರು ವಾಹನ ಕಾಯ್ದೆ ಮುಂದಿನ ವರ್ಷ ಜಾರಿಗೆ ಬಂದು, 1994ರ ತಿದ್ದುಪಡಿಯಲ್ಲಿ ಪೊಲೀಸರಿಗೆ ಒಂದು ಹೊಣೆ ಹೊರಿಸಿತು: ಅಪಘಾತದ ಮಾಹಿತಿಯನ್ನು 30 ದಿನದೊಳಗೆ ನ್ಯಾಯಮಂಡಳಿಗೆ ಕಳುಹಿಸಬೇಕು. ಅದಕ್ಕಿದ್ದ ನಮೂನೆಯ ಸಂಖ್ಯೆ 54. ವಾಹನದ ನಂಬರು, ಮಾಲೀಕ, ಲೈಸೆನ್ಸ್, ವಿಮಾ ಕಂಪನಿ, ಆಸ್ಪತ್ರೆ ಎಲ್ಲವೂ ಅದರಲ್ಲಿ ಬೇಕಿತ್ತು. ಡಿಕ್ಕಿ ಹೇಗಾಯಿತು ಎಂಬುದು ಅಲ್ಲಿಯೂ ಬೇಕಿರಲಿಲ್ಲ.

ಹೊರದೇಶಗಳಲ್ಲಿ ಈ ಪ್ರಶ್ನೆ ತುಸು ಮೊದಲೇ ತಿರುಗಿತ್ತು. ಬ್ರಿಟನ್ನಿನಲ್ಲಿ ‘ಸ್ಟ್ಯಾಟ್ಸ್ 19’ ಎಂಬ ನಮೂನೆ 1949ರಿಂದ ಬಳಕೆಗೆ ಬಂತು; ಅದು ಮೊಕದ್ದಮೆಗಲ್ಲ, ಎಣಿಕೆಗೆ. ಅಮೆರಿಕದ ಇಂಡಿಯಾನಾ ರಾಜ್ಯದ ಪೊಲೀಸ್ ಪಡೆಯಲ್ಲಿ ಎಲ್ಮರ್ ಪಾಲ್ ಎಂಬ ಅಧಿಕಾರಿ, ಗುದ್ದಿದವನು ಯಾರು ಎನ್ನುವುದರಾಚೆಗೆ, ಒಳಗಿದ್ದವನಿಗೆ ಏನು ತಾಗಿ ಸತ್ತ ಎಂದು ಹುಡುಕತೊಡಗಿದ. ಮೊದಲ ಮಹಾಯುದ್ಧದ ಕಾಲದ ವಿಮಾನಾಪಘಾತದಲ್ಲಿ ಬದುಕುಳಿದು, ತಾನೇಕೆ ಉಳಿದೆ ಎಂದು ಜೀವಮಾನವಿಡೀ ಕೇಳಿಕೊಂಡ ಹ್ಯೂ ಡಿಹೇವನ್‌ನ ಕಾರ್ನೆಲ್ ಅಧ್ಯಯನಕ್ಕೆ ಇಂಥ ಪೊಲೀಸ್ ದಾಖಲೆಗಳು ಮೇವಾದವು. ಸ್ಟಿಯರಿಂಗ್ ಕಂಬ ಎದೆಗೆ ಚುಚ್ಚುತ್ತದೆ, ಬಾಗಿಲು ತೆರೆದುಕೊಂಡು ಜನ ಹೊರಗೆಸೆಯಲ್ಪಡುತ್ತಾರೆ ಎಂಬುದು ಹೀಗೆ ಲೆಕ್ಕಕ್ಕೆ ಸಿಕ್ಕಿತು. ಪೊಲೀಸರ ಪುಸ್ತಕದಿಂದ ಕಾರು ತಯಾರಕರ ಮೇಜಿಗೆ ದಾರಿಯೊಂದು ಬಿದ್ದದ್ದು ಆಗ.

ನಮ್ಮಲ್ಲಿ ಠಾಣೆಯ ಲೆಕ್ಕ ಜಿಲ್ಲೆಗೆ, ಜಿಲ್ಲೆಯದು ರಾಜಧಾನಿಗೆ, ಅಲ್ಲಿಂದ ದೆಹಲಿಗೆ ಮೊತ್ತವಾಗಿ ಏರುತ್ತಿತ್ತು. ಏರುವಾಗ ಹಳ್ಳ, ಮರ, ತಿರುವು ಎಲ್ಲ ಉದುರಿ ಸಂಖ್ಯೆ ಮಾತ್ರ ತಲುಪುತ್ತಿತ್ತು. 1970ರಲ್ಲಿ ದೇಶದಲ್ಲಿ ಸುಮಾರು 1.14 ಲಕ್ಷ ಅಪಘಾತ, ಸುಮಾರು 14,500 ಸಾವು. 2022ರಲ್ಲಿ 4,61,312 ಅಪಘಾತ, 1,68,491 ಸಾವು. ಅಪಘಾತ ನಾಲ್ಕರಷ್ಟಾಗುವಲ್ಲಿ ಸಾವು ಹನ್ನೊಂದರಷ್ಟನ್ನೂ ಮೀರಿತು. ಎಂಟಕ್ಕೊಂದು ಸಾವು ಇದ್ದದ್ದು ಮೂರಕ್ಕೊಂದನ್ನೂ ದಾಟಿತು. ವೇಗ ಹೆಚ್ಚಿ ರಸ್ತೆ ಕ್ರೂರವಾಯಿತೆಂದು ಇದನ್ನು ಓದಬಹುದು. ಸಾಯದವರ ಅಪಘಾತಗಳು ಪುಸ್ತಕಕ್ಕೇ ಬರುತ್ತಿಲ್ಲವೆಂದೂ ಓದಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಜಿ. ಗುರುರಾಜ್ ಆಸ್ಪತ್ರೆಯ ದಾಖಲೆಗಳನ್ನೂ ಪೊಲೀಸರ ದಾಖಲೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಎರಡನೆಯ ಓದಿಗೆ ಬಲ ಬಂತು: ಸಾವುಗಳು ಬಹುಪಾಲು ಠಾಣೆಯಲ್ಲಿವೆ, ಗಾಯಗಳು ಹೆಚ್ಚಿನಂಶ ಆಸ್ಪತ್ರೆಯಲ್ಲೇ ಉಳಿದಿವೆ. ಸರ್ಕಾರದ ವಾರ್ಷಿಕ ವರದಿಗಳು ವರ್ಷವರ್ಷವೂ ಚಾಲಕನ ತಪ್ಪನ್ನೇ ಮುಖ್ಯ ಕಾರಣವೆಂದು ಮುದ್ರಿಸಿದವು. ದೆಹಲಿ ಐಐಟಿಯ ಪ್ರೊ. ದಿನೇಶ್ ಮೋಹನ್ ಅದನ್ನು ಕೊನೆಯವರೆಗೂ ಒಪ್ಪಲಿಲ್ಲ. ಒಪ್ಪುವುದಾದರೂ ಹೇಗೆ? ಒಂದೇ ಉತ್ತರಕ್ಕೆ ಜಾಗವಿರುವ ಅಂಕಣದಲ್ಲಿ ಒಂದೇ ಉತ್ತರ ಸಿಕ್ಕಿತ್ತು.

ಬಿದ್ದವನನ್ನು ಎತ್ತಿದವನೂ ಪುಸ್ತಕಕ್ಕೆ ಹೆದರುತ್ತಿದ್ದ. ಹೆಸರು ಕೊಟ್ಟರೆ ಸಾಕ್ಷಿ, ಸಾಕ್ಷಿಯಾದರೆ ಕೋರ್ಟಿನ ಅಲೆದಾಟ. 2016ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಇಂಥವರ ರಕ್ಷಣೆಯ ಮಾರ್ಗಸೂಚಿಗೆ ಬಲ ಕೊಟ್ಟಿತು. ಈ ಕುರಿತು ಪ್ರತ್ಯೇಕ ಕಾಯ್ದೆಯನ್ನೇ ಮಾಡಿದ ಮೊದಲ ರಾಜ್ಯ ಕರ್ನಾಟಕ.

ಬದಲಾವಣೆ ಠಾಣೆಯ ಒಳಗಿಂದ ಬರಲಿಲ್ಲ, ನ್ಯಾಯಾಲಯದ ಕಡೆಯಿಂದ ಬಂತು. 30 ದಿನದ ನಿಯಮವನ್ನು ಪೊಲೀಸರು ಪಾಲಿಸುತ್ತಿಲ್ಲವೆಂದು ಸುಪ್ರೀಂ ಕೋರ್ಟು 2007ರಲ್ಲೇ ಎಚ್ಚರಿಸಿತ್ತು. 2009ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಜೆ.ಆರ್. ಮಿಢಾ ಅವರು ವಿವರವಾದ ಅಪಘಾತ ವರದಿಯ ಪದ್ಧತಿಯೊಂದಕ್ಕೆ ಅಡಿಪಾಯ ಹಾಕಿದರು. ಅದು ಬೆಳೆದು 2022ರ ಏಪ್ರಿಲ್ 1ರಿಂದ ಇಡೀ ದೇಶದ ನಿಯಮವಾಯಿತು: 48 ಗಂಟೆಯೊಳಗೆ ಮೊದಲ ವರದಿ, 50 ದಿನದೊಳಗೆ ಮಧ್ಯಂತರ ವರದಿ, 90 ದಿನದೊಳಗೆ ಸವಿವರ ವರದಿ.

ಇನ್ನೊಂದು ಒತ್ತಡ ರಸ್ತೆಯ ಇಂಜಿನಿಯರುಗಳದು. 500 ಮೀಟರ್ ಉದ್ದದ ರಸ್ತೆಯ ತುಂಡಿನಲ್ಲಿ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು ಆದರೆ ಅದನ್ನು ಬ್ಲಾಕ್ ಸ್ಪಾಟ್ ಎಂದು ಗುರುತಿಸಬೇಕೆಂದು ಕೇಂದ್ರ ಸಾರಿಗೆ ಸಚಿವಾಲಯ ಗೊತ್ತುಮಾಡಿತು. ‘ಉತ್ತರಕ್ಕೆ 4 ಮೈಲಿ, ಆಲದ ಮರದ ಹತ್ತಿರ’ ಎಂಬ ಬರಹದಿಂದ 500 ಮೀಟರನ್ನು ಅಳೆಯುವುದೆಂತು? ಹೆದ್ದಾರಿಯ ನಂಬರನ್ನಾದರೂ ನಂಬೋಣವೆಂದರೆ, 2010ರಲ್ಲಿ ನಂಬರುಗಳೇ ಬದಲಾದವು. ಅದಕ್ಕೂ ಮೊದಲು ರಾಷ್ಟ್ರೀಯ ಹೆದ್ದಾರಿ 48 ಎಂದರೆ ನೆಲಮಂಗಲದಿಂದ ಹಾಸನದ ಮೇಲೆ ಮಂಗಳೂರಿಗೆ ಹೋಗುವ ರಸ್ತೆ. ಈಗ ಅದು 75. ಹಿಂದೆ 4 ಆಗಿದ್ದ ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿಯ ಪುಣೆ ರಸ್ತೆ ಈಗ 48. ಎರಡೂ ಕವಲೊಡೆಯುವುದು ಅದೇ ನೆಲಮಂಗಲದಲ್ಲಿ. ಹಳೆಯ ಕಡತದ 48ರಲ್ಲಿ ಸತ್ತವನನ್ನು ಹೊಸ ಕಡತದ 48ರಲ್ಲಿ ಹುಡುಕಿದರೆ ಅವನು ಬೇರೆ ಸಮುದ್ರದ ಕಡೆಗಲ್ಲದಿದ್ದರೂ ಬೇರೆ ಸೀಮೆಯ ಕಡೆಗಂತೂ ಹೋಗಿರುತ್ತಾನೆ.

2021ರ ಆರಂಭದಲ್ಲಿ ಐರಾಡ್ ಎಂಬ ಮೊಬೈಲ್ ವ್ಯವಸ್ಥೆ ರಸ್ತೆಗೆ ಇಳಿಯಿತು. ಮದ್ರಾಸ್ ಐಐಟಿಯೂ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವೂ ಕೂಡಿ ಕಟ್ಟಿದ್ದು. ಮೊದಲು ಪ್ರಯೋಗಕ್ಕೆ ಆರಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸ್ಥಳಕ್ಕೆ ಹೋದ ಪೊಲೀಸ್ ಸಿಬ್ಬಂದಿ ಮೊಬೈಲು ತೆರೆದರೆ ಅಕ್ಷಾಂಶ ರೇಖಾಂಶ ತಾನಾಗಿ ಬೀಳುತ್ತದೆ. ಫೋಟೊ, ವಿಡಿಯೊ ಸೇರುತ್ತವೆ. ನಂಬರು ಒತ್ತಿದರೆ ಗಾಡಿಯ ಜಾತಕ, ಲೈಸೆನ್ಸ್ ಒತ್ತಿದರೆ ಚಾಲಕನ ಜಾತಕ. ನನ್ನ ಕಣ್ಣಿಗೆ ದೊಡ್ಡದಾಗಿ ಕಂಡದ್ದು ಮೊಬೈಲಲ್ಲ. ಅದೇ ಅಪಘಾತದ ಸಂಖ್ಯೆ ಹೊತ್ತ ಪ್ರಶ್ನೆ ಲೋಕೋಪಯೋಗಿ ಇಲಾಖೆಯ ಇಂಜಿನಿಯರಿಗೂ ಹೋಗುತ್ತದೆ: ಬಂದು ರಸ್ತೆ ನೋಡಿ, ಬರೆಯಿರಿ. ಸಾರಿಗೆ ಕಚೇರಿಯವರಿಗೆ, ಆಸ್ಪತ್ರೆಗೆ ಬೇರೆ ಬೇರೆ ಪುಟ. 1862ರಿಂದ ಆರೋಪಿಯ ಸ್ಥಾನದಲ್ಲಿ ಒಬ್ಬನೇ ನಿಂತಿದ್ದ ಚಾಲಕನ ಪಕ್ಕಕ್ಕೆ, ಕೈಕೋಳವಿಲ್ಲದೆಯಾದರೂ, ರಸ್ತೆ ಬಂದು ನಿಂತಿತು. ಮುಂದೆ ಈ ವ್ಯವಸ್ಥೆಗೆ ಪರಿಹಾರದ ವರದಿಗಳನ್ನೂ ಹೊಲಿದು ಇ-ಡಾರ್ ಎಂದರು.

2024ರ ಜುಲೈ 1ರಂದು ಹಳೆಯ ದಂಡ ಸಂಹಿತೆಯೇ ಸರಿದು ಭಾರತೀಯ ನ್ಯಾಯ ಸಂಹಿತೆ ಬಂತು. 279 ಹೋಗಿ 281 ಆಯಿತು, 304ಎ ಹೋಗಿ 106 ಆಯಿತು, ಎರಡು ವರ್ಷದ ಸಜೆ ಐದಕ್ಕೆ ಏರಿತು. ಓಡಿಹೋದ ಚಾಲಕನಿಗೆ ಹತ್ತು ವರ್ಷವೆಂಬ ಉಪಕಲಮನ್ನು ಲಾರಿ ಚಾಲಕರ ಮುಷ್ಕರದ ಬಳಿಕ ತಡೆದು ಇಟ್ಟಿದ್ದಾರೆ. ಗಾಡಿ ಹೊಡೆಯುವವನು, ಸವಾರಿ ಮಾಡುವವನು, ದುಡುಕು, ನಿರ್ಲಕ್ಷ್ಯ ಎಲ್ಲ ಹಾಗೇ ಇವೆ. ಆದ್ದರಿಂದ ರೈಟರ್‌ನ ವಾಕ್ಯವೂ ಹಾಗೇ ಇದೆ, ಈಗ ಕೀಲಿಮಣೆಯಲ್ಲಿ. ಹೊಸ ಮೇಲ್ಸೇತುವೆಯ ಬುಡದಲ್ಲಿ ನಿಂತ ಕಾನ್‌ಸ್ಟೇಬಲ್ ಮೊಬೈಲಿನಲ್ಲಿ ಜಾಗದ ಗುರುತು ಹಿಡಿದು ಠಾಣೆಗೆ ಮರಳುತ್ತಾನೆ. ಪ್ರಥಮ ವರ್ತಮಾನ ವರದಿಯ ಪರದೆ ತೆರೆಯುತ್ತದೆ. ಐದನೆಯ ಅಂಕಣದಲ್ಲಿ ಅವನು ಬರೆಯುತ್ತಾನೆ: ಠಾಣೆಯಿಂದ ಪಶ್ಚಿಮಕ್ಕೆ, 3 ಕಿ.ಮೀ.