ಚೆನ್ನೈ ನಗರ ಯೋಜನೆಯಲ್ಲಿ ಆನ್‌ಲೈನ್ ನಾಗರಿಕ ಸಹಭಾಗಿತ್ವ

ಚೆನ್ನೈ ಮಹಾನಗರದ ಭೂಬಳಕೆ, ರಸ್ತೆ, ವಸತಿ, ಕೆರೆಕುಂಟೆಗಳ ಕುರಿತ ತೀರ್ಮಾನಗಳಲ್ಲಿ ನಿವಾಸಿಗಳು ಅಂತರಜಾಲ, ಮೊಬೈಲುಗಳ ಮೂಲಕ ಪಾಲ್ಗೊಳ್ಳುವ ಪದ್ಧತಿ. ಇದಕ್ಕೆ ಕಾನೂನಿನ ತಳಹದಿ 1971ರ ತಮಿಳುನಾಡು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಕರಡು ಮಹಾಯೋಜನೆಯನ್ನು ಪ್ರಕಟಿಸಿ, ಆಕ್ಷೇಪಣೆ ಮತ್ತು ಸಲಹೆಗಳಿಗೆ ಕನಿಷ್ಠ ಎರಡು ತಿಂಗಳು ಕಾಲಾವಕಾಶ ಕೊಡಬೇಕೆಂದು ಅದು ವಿಧಿಸುತ್ತದೆ. 1,189 ಚದರ ಕಿ.ಮೀ. ಪ್ರದೇಶಕ್ಕೆ ಅನ್ವಯಿಸುವ ಎರಡನೆಯ ಮಹಾಯೋಜನೆ 2008ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಅದರ ಗುರಿವರ್ಷ 2026. ಮುಂದಿನ ಯೋಜನೆಗಾಗಿ ಚೆನ್ನೈ ಮಹಾನಗರ ಅಭಿವೃದ್ಧಿ ಪ್ರಾಧಿಕಾರವು ಆನ್‌ಲೈನ್ ಸಮೀಕ್ಷೆಯ ಮೂಲಕವೂ ಜನಾಭಿಪ್ರಾಯ ಕೇಳಿತು.

ಆದರೆ ಇಲ್ಲಿನ ಹೆಚ್ಚು ಬೆಲೆಯುಳ್ಳ ಕೆಲಸ ನಡೆದದ್ದು ಸರ್ಕಾರದ ಹೊರಗೆ, ನಕ್ಷೆಗಳ ಮೇಲೆ. ತಮಿಳುನಾಡು ಸರ್ಕಾರ ಮದ್ರಾಸಿನ 1,202 ಕೊಳೆಗೇರಿಗಳನ್ನು 1971ರಲ್ಲಿ ಅಧಿಸೂಚಿಸಿತು. 1985ರಲ್ಲಿ 17 ಸೇರಿದವು. ಆಮೇಲೆ ದಶಕಗಳ ಕಾಲ ಪಟ್ಟಿ ಬೆಳೆಯಲಿಲ್ಲ, ಕೇರಿಗಳು ಬೆಳೆದವು. ಪಟ್ಟಿಯಲ್ಲಿಲ್ಲದ ಕೇರಿಗೆ ನೀರು, ಶೌಚಾಲಯಗಳ ಹಕ್ಕು ಸಾಧಿಸುವುದೂ ಕಷ್ಟ, ಒಕ್ಕಲೆಬ್ಬಿಸುವುದನ್ನು ತಡೆಯುವುದೂ ಕಷ್ಟ. 2010ರ ಸುಮಾರಿಗೆ ನಿತ್ಯಾ ರಾಮನ್ ಮುನ್ನಡೆಸಿದ ‘ಟ್ರಾನ್ಸ್‌ಪರೆಂಟ್ ಚೆನ್ನೈ’ ತಂಡ ಈ ಕೇರಿಗಳನ್ನೂ ಸಾರ್ವಜನಿಕ ಶೌಚಾಲಯಗಳನ್ನೂ ನಿವಾಸಿಗಳ ನೆರವಿನಿಂದ ಗುರುತಿಸಿ ಅಂತರಜಾಲದಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಇಟ್ಟಿತು. 2015ರ ಡಿಸೆಂಬರ್ ಪ್ರವಾಹದಲ್ಲಿ ಮುಳುಗಿದ ಬೀದಿಗಳನ್ನು ಜನರೇ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರಿತ ನಕ್ಷೆಯಲ್ಲಿ ಗುರುತಿಸಿದರು. ಯಾವ ಬೀದಿಗೆ ಎಲ್ಲಿಂದ ನೀರು ನುಗ್ಗುತ್ತದೆ ಎಂಬುದು ಅಲ್ಲಿ ಬಾಳುವವರಿಗೆ ಗೊತ್ತು. ಪಳ್ಳಿಕ್ಕರಣೈ ಜೌಗು ಒತ್ತುವರಿಯಾಗಿ ಕರಗಿದ ಊರಿನಲ್ಲಿ ಈ ತಿಳಿವಳಿಕೆ ಯೋಜಕರಿಗೆ ಅಮೂಲ್ಯ.

ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಯೋಜನೆಗೆ ಚೆನ್ನೈ ಸಲ್ಲಿಸಿದ ಪ್ರಸ್ತಾವಕ್ಕೂ ಕೇಂದ್ರದ ‘ಮೈಗವ್’ ತಾಣದಲ್ಲಿ ಅಭಿಪ್ರಾಯ ಸಂಗ್ರಹಿಸಲಾಗಿತ್ತು. ಅದಕ್ಕೆ ತ್ಯಾಗರಾಯನಗರವನ್ನು ಆರಿಸಿಕೊಳ್ಳಲಾಯಿತು, ಅಲ್ಲಿನ ಪಾಂಡಿಬಜಾರಿನ ಪಾದಚಾರಿ ಮಾರ್ಗ 2019ರ ನವೆಂಬರಿನಲ್ಲಿ ತೆರೆಯಿತು.

ಕರ್ನಾಟಕದ ಓದುಗರಿಗೆ ಬೆಂಗಳೂರಿನ ಅನುಭವ ನೆನಪಿರಬಹುದು. 2017ರ ನವೆಂಬರಿನಲ್ಲಿ ಪ್ರಕಟವಾದ ಪರಿಷ್ಕೃತ ಮಹಾಯೋಜನೆ–2031ರ ಕರಡಿಗೆ 13 ಸಾವಿರಕ್ಕೂ ಹೆಚ್ಚು ಆಕ್ಷೇಪಣೆಗಳು ಬಂದವು. ಕೊನೆಗೆ ಸರ್ಕಾರ ಕರಡನ್ನೇ ಹಿಂಪಡೆಯಿತು. ಅಷ್ಟು ಜನ ಬರೆದದ್ದಕ್ಕೆ ಒಬ್ಬೊಬ್ಬರಿಗೂ ಉತ್ತರ ಸಿಗಬೇಕಿತ್ತು.

ಆನ್‌ಲೈನ್ ಸಮೀಕ್ಷೆಗೆ ಉತ್ತರಿಸಲು ಸ್ಮಾರ್ಟ್‌ಫೋನ್, ಬಿಡುವು, ಕಚೇರಿಭಾಷೆಯ ಪರಿಚಯ ಬೇಕು. ಚೆನ್ನೈ ಕಡಲತೀರದ ಊರೂರು ಕುಪ್ಪದ ಮೀನುಗಾರರು ಬಲೆ ಒಣಗಿಸುವ, ದೋಣಿ ನಿಲ್ಲಿಸುವ ಮರಳನ್ನು ತೆರೆಯ ಮೇಲಿನ ಪ್ರಶ್ನಾವಳಿ ಹಿಡಿಯಲಾರದು. ಅದಕ್ಕೆ ಮುಖಾಮುಖಿ ಸಭೆಯೇ ಬೇಕು. ಆದರೆ 2016ರ ಅಕ್ಟೋಬರಿನಿಂದ 2022ರ ಆರಂಭದವರೆಗೆ ಅಂಥ ಸಭೆ ಕರೆಯಲು ಚೆನ್ನೈಗೆ ಚುನಾಯಿತ ಪಾಲಿಕೆಯೇ ಇರಲಿಲ್ಲ. 2022ರಲ್ಲಿ ಚುನಾವಣೆ ನಡೆದ ಮೇಲೆ ತಮಿಳುನಾಡಿನ ನಗರಗಳಲ್ಲಿ ವಾರ್ಡಿನ ನಿವಾಸಿಗಳು ಸೇರುವ ಪ್ರದೇಶ ಸಭೆಗಳೂ ಶುರುವಾದವು. ಮುಂದಿನ ಮಹಾಯೋಜನೆಯ ಕರಡು ಈ ಸಭೆಗಳಲ್ಲಿ ಸರಳ ತಮಿಳಿನಲ್ಲಿ ಮಂಡನೆಯಾಗಬೇಕು. ಬಂದ ಪ್ರತಿ ಆಕ್ಷೇಪಣೆಯನ್ನೂ, ಅದನ್ನು ಒಪ್ಪಿದ ಅಥವಾ ತಳ್ಳಿದ ಕಾರಣವನ್ನೂ ಪ್ರಾಧಿಕಾರ ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು.