ನಗರದ ದಂಗೆ, ಬೆಂಟಿಂಕನ ಅವಸರ, ನನ್ನ ತಪ್ಪು

ಈ ವರ್ಷ ಶುರು ಮಾಡೋದು ಒಂದು ತಪ್ಪೊಪ್ಪಿಗೆಯಿಂದ.

ಹೋದ ವರ್ಷ ಒಂದು ಎಪಿಸೋಡ್‌ನಲ್ಲಿ 1830ರ ನಗರದ ದಂಗೆಯ ಮಾತು ಬಂದಿತ್ತು. ನಾನು ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟೆ: "ಕೆಳದಿ ರಾಜವಂಶದವನು ಅಂತ ಹೇಳ್ಕೊಂಡು ಒಬ್ಬ ಬಂದ, ಜನರನ್ನ ಮರುಳು ಮಾಡಿದ, ದಂಗೆ ಆಯ್ತು." ಮಾರನೇ ದಿನ ನ್ಯಾಮತಿ ಕಡೆಯ ಹುಡುಗನೊಬ್ಬ ಮೆಸೇಜ್ ಹಾಕಿದ: "ಅಣ್ಣಾ, ನಮ್ಮ ಕಡೆ ರೈತರು ಅಷ್ಟು ದಡ್ಡರಾಗಿದ್ರಾ?" ನಾನು ಉತ್ತರ ಕೊಡಲಿಲ್ಲ. ಸುಳ್ಳು ಯಾಕೆ ಹೇಳಲಿ, ಸಿಟ್ಟು ಬಂದಿತ್ತು. ಅವನು ತಪ್ಪು ಅಂತ ತೋರಿಸೋಕೇ ಓದೋಕೆ ಕೂತೆ. ಓದ್ತಾ ಓದ್ತಾ ತಪ್ಪು ನನ್ನದೇ ಅಂತ ಗೊತ್ತಾಯ್ತು.

ಮೊದಲು ಜಾಗ ನೋಡೋಣ. ಇಲ್ಲಿ ನಗರ ಅಂದ್ರೆ ಸಿಟಿ ಅಲ್ಲ, ಹಳೆಯ ಬಿದನೂರು. ಈಗ ಹೊಸನಗರ ತಾಲ್ಲೂಕಿನಲ್ಲಿದೆ. ಆಗ ಮೈಸೂರು ಸಂಸ್ಥಾನದಲ್ಲಿ ಆರು ಫೌಜುದಾರಿಗಳಿದ್ದವು, ಅಂದ್ರೆ ಇವತ್ತಿನ ಜಿಲ್ಲೆಗಳ ಹಾಗೆ. ಚನ್ನಗಿರಿ, ಹೊನ್ನಾಳಿ ಸೀಮೆಗಳು ನಗರ ಫೌಜುದಾರಿಗೆ ಸೇರಿದ್ದವು. ನ್ಯಾಮತಿ ತೀರಾ ಇತ್ತೀಚೆಗೆ ಹೊನ್ನಾಳಿಯಿಂದ ಬೇರೆಯಾದ ತಾಲ್ಲೂಕು. ಜಗಳೂರು ಚಿತ್ರದುರ್ಗದ ಕಡೆಯದು. ಇವೆಲ್ಲ ಒಟ್ಟಿಗೆ ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ.

ಆ ಕಾಲದಲ್ಲಿ ಕಂದಾಯ ವಸೂಲಿಗೆ 'ಶರ್ತಿ' ಅನ್ನೋ ಪದ್ಧತಿ ಇತ್ತು. ಅಮಲ್ದಾರ ಇಂತಿಷ್ಟು ಹಣ ಕಟ್ತೀನಿ ಅಂತ ಮೊದಲೇ ಬರೆದುಕೊಡಬೇಕು. ಮಳೆ ಬರಲಿ ಬಿಡಲಿ, ಅಷ್ಟು ಕಟ್ಟಲೇಬೇಕು. ಕಡಿಮೆ ಬಿದ್ದರೆ ಅವನ ತಲೆ ಮೇಲೆ. ಅವನು ಆ ಭಾರವನ್ನ ಯಾರ ತಲೆ ಮೇಲೆ ಹಾಕ್ತಾನೆ? ರೈತನ ಮೇಲೆ. ಇದರ ಜೊತೆಗೆ ಲೆಕ್ಕವಿಲ್ಲದಷ್ಟು ಚಿಲ್ಲರೆ ತೆರಿಗೆಗಳು.

1830ರಲ್ಲಿ ರೈತರು ಊರೂರಿಗೆ ಹೇಳಿ ಕಳಿಸಿ ಒಟ್ಟು ಸೇರಿದರು. ಅಂಥ ಸಭೆಗೆ 'ಕೂಟ' ಅಂತಿದ್ರು. ದೊಡ್ಡ ಕೂಟಗಳಲ್ಲಿ ಒಂದು ಸೇರಿದ್ದು ಬಸವಾಪಟ್ಟಣದಲ್ಲಿ, ಇವತ್ತಿನ ಚನ್ನಗಿರಿ ತಾಲ್ಲೂಕಿನಲ್ಲಿ. ಕಂದಾಯ ಕಟ್ಟಲ್ಲ, ಮೊದಲು ನಮ್ಮ ದೂರು ಕೇಳಿ ಅನ್ನೋದು ಅವರ ಪಟ್ಟು. ನಾನು ಹೇಳಿದ ಆ ಮನುಷ್ಯ, ಬೂದಿ ಬಸವಪ್ಪ, ಈ ಅಸಮಾಧಾನಕ್ಕೆ ನಾಯಕನಾದ, ನಿಜ. ಆದರೆ ಬೆಂಕಿ ಹಚ್ಚಿದವನು ಅವನಲ್ಲ. ಅವನು ಬರೋ ಹೊತ್ತಿಗೆ ಹೊಗೆ ಎದ್ದಾಗಿತ್ತು. ಹೊನ್ನಾಳಿಯಲ್ಲೂ ಕಾಳಗ ನಡೀತು. ಎಷ್ಟೋ ಜನರನ್ನ ನೇಣಿಗೆ ಹಾಕಿದರು. 1831ರ ಜೂನ್‌ನಲ್ಲಿ ಬ್ರಿಟಿಷ್ ಪಡೆ ನಗರವನ್ನ ಹಿಡಿದ ಮೇಲೆ ದಂಗೆಯ ಬೆನ್ನು ಮುರೀತು.

ಇಲ್ಲಿಂದ ಇನ್ನೊಬ್ಬರ ಅವಸರದ ತೀರ್ಪು ಶುರುವಾಗುತ್ತೆ. ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್, ಸತಿ ಪದ್ಧತಿ ನಿಷೇಧಿಸಿದ ಅದೇ ಬೆಂಟಿಂಕ್, ಮದ್ರಾಸ್ ಸರ್ಕಾರದಿಂದ ಬಂದ ವರದಿಗಳನ್ನ ನಂಬಿದ. ಮೈಸೂರಲ್ಲಿ ಆಡಳಿತ ಕೆಟ್ಟಿದೆ, ಕಂಪನಿಗೆ ಬರಬೇಕಾದ ಹಣಕ್ಕೆ ಕುತ್ತು ಇದೆ ಅಂತ ತೀರ್ಮಾನಿಸಿದ. 1831ರ ಸೆಪ್ಟೆಂಬರ್‌ನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪತ್ರ ಹೋಯ್ತು, ಅಕ್ಟೋಬರ್‌ನಲ್ಲಿ ಆಡಳಿತ ಅವರ ಕೈ ತಪ್ಪಿತು. ದಂಗೆಗೆ ಕಾರಣ ಏನು ಅಂತ ವಿಚಾರಿಸೋ ಸಮಿತಿ ನೇಮಕ ಆಗಿದ್ದು ಅದಾದ ಮೇಲೆ. ಮೊದಲು ಶಿಕ್ಷೆ, ಆಮೇಲೆ ವಿಚಾರಣೆ.

ಸಮಿತಿ 1833ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು. ಆಡಳಿತದಲ್ಲಿ ತಪ್ಪುಗಳಿದ್ದವು, ಆದರೆ ಮೊದಲಿನ ವರದಿಗಳಲ್ಲಿ ಉತ್ಪ್ರೇಕ್ಷೆಯೂ ಇತ್ತು. ಕಂಪನಿಗೆ ಕೊಡಬೇಕಾದ ವಾರ್ಷಿಕ ಹಣ ನಿಂತಿರಲಿಲ್ಲ. ಅದಕ್ಕೂ ಮಿಗಿಲಾಗಿ, 1799ರ ಒಪ್ಪಂದದ ಪ್ರಕಾರ ಆ ಹಣಕ್ಕೆ ಎಷ್ಟು ಬೇಕೋ ಅಷ್ಟು ಸೀಮೆಯನ್ನ ಮಾತ್ರ ವಶಕ್ಕೆ ತಗೋಬಹುದಿತ್ತು. ಬೆಂಟಿಂಕ್ ಇಡೀ ರಾಜ್ಯವನ್ನೇ ತಗೊಂಡಿದ್ದ.

1834ರಲ್ಲಿ ಅವನು ದಕ್ಷಿಣಕ್ಕೆ ಬಂದ. ತಾನು ಮಾಡಿದ್ದು ಕಾನೂನಿನ ಪ್ರಕಾರ ಸರಿಯೇ ಅನ್ನೋ ಅನುಮಾನವನ್ನ ಲಂಡನ್‌ನ ನಿರ್ದೇಶಕರಿಗೆ ಬರೆದ. ರಾಜ್ಯದ ಒಂದು ಭಾಗವನ್ನಾದರೂ ರಾಜರಿಗೆ ವಾಪಸ್ ಕೊಡೋಣ ಅಂದ. ಲಂಡನ್ ಒಪ್ಪಲಿಲ್ಲ. ಭಾರತದಲ್ಲಿ ತಾನು ಮಾಡಿದ ಕೆಲಸಗಳಲ್ಲಿ ನೆನೆದು ನೋಯೋದು ಇದೊಂದಕ್ಕೇ ಅಂತ ಮುಂದೆ ಹೇಳಿಕೊಂಡನಂತೆ. ಆದರೆ ಆಜ್ಞೆ ಹೊರಡಿಸೋವಾಗ ಅವನ ಒಂದು ಸಹಿ ಸಾಕಾಗಿತ್ತು, ಅದನ್ನ ತಿದ್ದೋಕೆ ಅದೇ ಸಹಿ ಸಾಲದೇ ಹೋಯ್ತು. ಮುಮ್ಮಡಿಯವರು 1868ರಲ್ಲಿ ತೀರಿಕೊಂಡರು, ರಾಜ್ಯ ಕೈಗೆ ಬರಲೇ ಇಲ್ಲ. ಅದು ವಾಪಸ್ ಬಂದಿದ್ದು 1881ರಲ್ಲಿ, ಅವರ ದತ್ತುಪುತ್ರ ಚಾಮರಾಜ ಒಡೆಯರಿಗೆ. ಹತ್ತಿರಹತ್ತಿರ 50 ವರ್ಷ.

ಹಾಗಾದ್ರೆ ಬಸವಾಪಟ್ಟಣದಲ್ಲಿ ಕೂಟ ಸೇರಿದ ರೈತರು? ವಿಚಾರಣಾ ಸಮಿತಿಯಲ್ಲಿದ್ದ ಮಾರ್ಕ್ ಕಬ್ಬನ್ ಆಮೇಲೆ ಮೈಸೂರಿನ ಕಮಿಷನರ್ ಆದ, 1834ರಿಂದ 1861ರವರೆಗೆ. ಬೆಂಗಳೂರಿನ ಕಬ್ಬನ್ ಪಾರ್ಕ್ ಇರೋದು ಇವನ ಹೆಸರಲ್ಲೇ. ಆ ಆಡಳಿತದಲ್ಲಿ ರದ್ದಾದ ಚಿಲ್ಲರೆ ತೆರಿಗೆಗಳ ಪಟ್ಟಿಯಲ್ಲಿ 769 ಬಾಬ್ತುಗಳಿದ್ದವು. ನ್ಯಾಮತಿಯ ಹುಡುಗನ ಪ್ರಶ್ನೆಗೆ ಉತ್ತರ ಈ ಸಂಖ್ಯೆಯಲ್ಲೇ ಇದೆ. ಇಲ್ಲ ತಮ್ಮಾ, ಅವರು ದಡ್ಡರಾಗಿರಲಿಲ್ಲ. ಅವರ ದೂರು ನಿಜವಾಗಿತ್ತು. ನಾನೂ ಬೆಂಟಿಂಕನ ಹಾಗೇ ಮಾಡಿದ್ದೆ: ಆಳೋರ ಕಡೆಯವರು ಬರೆದದ್ದನ್ನ ಓದಿದೆ, ತೀರ್ಪು ಕೊಟ್ಟೆ, ಇನ್ನೊಂದು ಕಡೆಯವರನ್ನ ಕೇಳಲೇ ಇಲ್ಲ.

ನನ್ನ ಕೈಯಲ್ಲಿ ರಾಜ್ಯ ಇರಲಿಲ್ಲ, ಬರೀ ಒಂದು ಮೈಕ್ ಇತ್ತು. ಹಾಗಾಗಿ ನನ್ನ ತಪ್ಪನ್ನ ತಿದ್ದೋದು ಸುಲಭ, ತಡ ಮಾಡೋಕೆ ನೆಪ ಇಲ್ಲ. ಆ ಹಳೇ ಎಪಿಸೋಡ್‌ನ ಶುರುವಿನಲ್ಲೇ ಈಗ ತಿದ್ದುಪಡಿ ಸೇರಿಸಿದ್ದೀನಿ. ಆ ಹುಡುಗನಿಗೆ ನಿನ್ನೆ ರಾತ್ರಿ ಉತ್ತರ ಬರೆದೆ. "ಪರವಾಗಿಲ್ಲ ಅಣ್ಣಾ, ಆದ್ರೆ ಕೂಟದ ಬಗ್ಗೆ ಪೂರ್ತಿ ಒಂದು ಎಪಿಸೋಡ್ ಮಾಡಿ" ಅಂದ.

ಮಾಡ್ತೀನಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯವರೇ, ನಿಮ್ಮ ಅಜ್ಜ ಅಜ್ಜಿ ಆ ಕಾಲದ ಕತೆ ಏನಾದ್ರೂ ಹೇಳ್ತಿದ್ರಾ? ಒಂದು ವಾಯ್ಸ್ ನೋಟ್ ಕಳಿಸಿ. ಈ ಸಲ ಮೊದಲು ಕೇಳ್ತೀನಿ, ಆಮೇಲೆ ಮಾತಾಡ್ತೀನಿ.