ಟೈಲ್ಸ್‌ಗೊಂದು, ಮರಕ್ಕೊಂದು: ಕಟಿಂಗ್ ಬ್ಲೇಡ್ ಆಯ್ಕೆಯಲ್ಲಿ ಇರಲಿ ಎಚ್ಚರ

ಬೆಂಗಳೂರು: ಅತ್ತಿಗುಪ್ಪೆ, ವಿಜಯನಗರ, ಚಂದ್ರಾ ಬಡಾವಣೆಗಳ ಅಡ್ಡರಸ್ತೆಗಳಲ್ಲಿ ನಡೆದರೆ ಒಂದಲ್ಲ ಒಂದು ಮನೆಯಿಂದ ಕಲ್ಲು ಕೊಯ್ಯುವ ಯಂತ್ರದ ಕರ್ಕಶ ಸದ್ದು ಕೇಳಿಬರುತ್ತದೆ. ಹಳೆಯ ರೆಡ್ ಆಕ್ಸೈಡ್ ಮತ್ತು ಮೊಸಾಯಿಕ್ ನೆಲಗಳನ್ನು ಕಿತ್ತು ವಿಟ್ರಿಫೈಡ್ ಟೈಲ್ಸ್ ಹಾಸಲಾಗುತ್ತಿದೆ. ಅಡುಗೆಮನೆಯಲ್ಲಿ ಕಡಪ ಕಲ್ಲಿನ ಕಟ್ಟೆಯ ಜಾಗಕ್ಕೆ ಗ್ರಾನೈಟ್ ಬರುತ್ತಿದೆ. ಟೈಲ್ಸ್‌ನ ಬಣ್ಣ, ಬೆಲೆಗಳನ್ನು ಹತ್ತು ಅಂಗಡಿಗಳಲ್ಲಿ ವಿಚಾರಿಸುವ ಮನೆ ಮಾಲೀಕರು, ಅದನ್ನು ಕತ್ತರಿಸುವ ನಾಲ್ಕಿಂಚಿನ ಬ್ಲೇಡ್ ಯಾವುದೆಂದು ಕೇಳುವುದು ಅಪರೂಪ. ಟೈಲ್ಸ್‌ನ ಅಂಚು ಚಕ್ಕೆ ಏಳುವುದಕ್ಕೂ, ಕೆಲವೊಮ್ಮೆ ಕೆಲಸಗಾರನ ಬೆರಳು ಹೋಗುವುದಕ್ಕೂ ಕಾರಣ ಅಲ್ಲಿಯೇ ಇರುತ್ತದೆ.

ವಜ್ರದ ಬ್ಲೇಡ್‌ನ ಗುಟ್ಟು

ಕಲ್ಲು ಮತ್ತು ಟೈಲ್ಸ್‌ಗೆ ಬಳಸುವುದು ಡೈಮಂಡ್ ಬ್ಲೇಡ್. ಇದಕ್ಕೆ ಹಲ್ಲುಗಳಿಲ್ಲ. ಲೋಹದ ಪುಡಿಯೊಂದಿಗೆ ಕೃತಕ ವಜ್ರದ ಹರಳುಗಳನ್ನು ಬೆಸೆದು ಅಂಚನ್ನು ರೂಪಿಸಲಾಗಿರುತ್ತದೆ. ಬ್ಲೇಡ್ ತಿರುಗಿದಂತೆ ಈ ಹರಳುಗಳು ಕಲ್ಲನ್ನು ಉಜ್ಜಿ ಸವೆಸುತ್ತವೆ. ಜೊತೆಗೆ ಲೋಹವೂ ಸವೆದು, ಒಳಗಿನ ಹೊಸ ಹರಳುಗಳು ಹೊರಬರುತ್ತವೆ.

ಗ್ರಾಹಕರು ಎಡವುವುದು ಇಲ್ಲಿಯೇ. ಗಟ್ಟಿ ಕಲ್ಲಿಗೆ ಮೃದು ಲೋಹದ ಅಂಚು ಬೇಕು. ಮರಳಿನಂತೆ ಉದುರುವ ಇಟ್ಟಿಗೆ, ಸಿಮೆಂಟ್ ಬ್ಲಾಕ್‌ಗಳಿಗೆ ಗಟ್ಟಿ ಲೋಹದ ಅಂಚು ಬೇಕು. ಬ್ಲಾಕ್ ಕೊಯ್ಯುವ ಬ್ಲೇಡನ್ನು ಗ್ರಾನೈಟ್‌ಗೆ ಹಚ್ಚಿದರೆ ಲೋಹ ಸವೆಯುವುದಿಲ್ಲ, ಮೇಲಿನ ವಜ್ರ ಮಾತ್ರ ನುಣುಪಾಗುತ್ತದೆ. ಬ್ಲೇಡ್ ಕಾಯುತ್ತದೆ, ಕಿಡಿ ಹಾರುತ್ತದೆ, ಕಲ್ಲು ಮಾತ್ರ ತುಂಡಾಗದು. ಮೊಂಡಾಯಿತೆಂದು ಎಸೆಯುವ ಮುನ್ನ ಅದನ್ನು ಸಿಮೆಂಟ್ ಬ್ಲಾಕ್‌ನಲ್ಲಿ ನಾಲ್ಕಾರು ಬಾರಿ ಓಡಿಸಿದರೆ ಹಲವು ವೇಳೆ ಮತ್ತೆ ಹರಿತವಾಗುತ್ತದೆ.

ಅಂಚಿನ ಆಕಾರವೂ ಮುಖ್ಯ. ನಡುನಡುವೆ ಸೀಳುಗಳಿರುವ ಬ್ಲೇಡ್ ಗ್ರಾನೈಟ್, ಕಾಂಕ್ರೀಟ್‌ಗಳನ್ನು ವೇಗವಾಗಿ ಕೊಯ್ಯುತ್ತದೆ, ಅಂಚು ಒರಟಾಗುತ್ತದೆ. ಸೀಳಿಲ್ಲದ, ಅಖಂಡ ಅಂಚಿನದು ನಿಧಾನ, ಆದರೆ ಟೈಲ್ಸ್‌ನ ಹೊಳಪು ಮುಖ ಚಕ್ಕೆ ಏಳುವುದಿಲ್ಲ. ಇದಕ್ಕೆ ನೀರು ಬೇಕು. ಅಲೆಯಂತಹ ಅಂಚಿನ ಟರ್ಬೊ ಬ್ಲೇಡ್ ಇವೆರಡರ ನಡುವಿನದು. ಅರ್ಧ ಶೇಕಡಕ್ಕಿಂತಲೂ ಕಡಿಮೆ ನೀರು ಹೀರುವ ವಿಟ್ರಿಫೈಡ್ ಟೈಲ್ಸ್ ಬಹುತೇಕ ಗಾಜಿನಂತಿರುವುದರಿಂದ ಅದಕ್ಕೆ ತೆಳು ಬ್ಲೇಡೇ ಸರಿ. ಮೊದಲ ಸುತ್ತು ಮೇಲೆ ಮೇಲೆ ಗೀರಿ, ಎರಡನೆಯ ಸುತ್ತಿನಲ್ಲಿ ಆಳಕ್ಕಿಳಿಯುವುದು ಉತ್ತಮ. ಸ್ನಾನದ ಮನೆಯ ಗೋಡೆಗೆ ಅಂಟಿಸುವ ಸಾಧಾರಣ ಸೆರಾಮಿಕ್ ಟೈಲ್ಸ್‌ನ ನೇರ ತುಂಡಿಗೆ ಯಂತ್ರವೇ ಬೇಡ. ಗೀರಿ ಮುರಿಯುವ ಕೈ ಕಟರ್ ಸಾಕು, ದೂಳೂ ಇಲ್ಲ.

ಇಳಕಲ್‌ನ ಕೆಂಪು, ಚಾಮರಾಜನಗರದ ಕಪ್ಪು ಕಲ್ಲು ಗಡಸು. ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ಸುಣ್ಣದ ಕಲ್ಲಾದ್ದರಿಂದ ಅವುಗಳಿಗಿಂತ ಬಹಳ ಮೆತು. ಎಲ್ಲಕ್ಕೂ ಒಂದೇ ಬ್ಲೇಡ್ ಎನ್ನುವ ಅಂಗಡಿಯವರ ಮಾತನ್ನು ಪೂರ್ತಿ ನಂಬುವಂತಿಲ್ಲ.

ಕಬ್ಬಿಣದ ಡಿಸ್ಕ್

ಕಬ್ಬಿಣಕ್ಕೆ ರಾಳದಿಂದ ಬೆಸೆದ ಡಿಸ್ಕ್ ಬೇಕು. ಅದರ ಮೇಲಿನ ಸಂಕೇತ 'ಎ' ಅಕ್ಷರದಿಂದ ಆರಂಭವಾಗಿದ್ದರೆ ಲೋಹಕ್ಕೆ, 'ಸಿ' ಆಗಿದ್ದರೆ ಕಲ್ಲಿಗೆ ಎಂದರ್ಥ. ಕತ್ತರಿಸುವ ತೆಳು ಡಿಸ್ಕ್‌ನ ಪಕ್ಕದಿಂದ ಉಜ್ಜುವುದು ಅಪಾಯಕರ. ಕೆಳಗೆ ಬಿದ್ದ ಡಿಸ್ಕ್‌ನಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದಾದ್ದರಿಂದ ಅದನ್ನು ಬಳಸಬಾರದು.

ಇಂತಹ ಡಿಸ್ಕ್‌ನ ಅಂಚಿನ ವೇಗಕ್ಕೆ ಸಾಮಾನ್ಯ ಮಿತಿ ಸೆಕೆಂಡಿಗೆ 80 ಮೀಟರ್. ಲೆಕ್ಕ ಹಾಕಿದರೆ ನಾಲ್ಕಿಂಚಿನದು ನಿಮಿಷಕ್ಕೆ ಸುಮಾರು 15,000 ಸುತ್ತು ತಡೆಯುತ್ತದೆ, ಏಳಿಂಚಿನದು 8,500, ಹದಿನಾಲ್ಕು ಇಂಚಿನದು 4,300 ಮಾತ್ರ. ಸಣ್ಣ ಗ್ರೈಂಡರ್‌ನ ವೇಗ 11,000 ಸುತ್ತಿನ ಆಸುಪಾಸು. ಗಾರ್ಡ್ ಕಳಚಿ ದೊಡ್ಡ ಡಿಸ್ಕ್ ಕೂರಿಸಿದರೆ ಅದು ಸಿಡಿದು ಚೂರಾಗುವ ಸಾಧ್ಯತೆ ಇದೆ.

ನಡುವಿನ ರಂಧ್ರದ ಅಳತೆಯನ್ನೂ ನೋಡಬೇಕು. ನಾಲ್ಕಿಂಚಿನ ಗ್ರೈಂಡರ್‌ಗೆ 16 ಮಿ.ಮೀ., ಮಾರ್ಬಲ್ ಕಟರ್‌ಗೆ 20 ಮಿ.ಮೀ. ವಾಡಿಕೆ. ವ್ಯತ್ಯಾಸವಿದ್ದರೆ ಸರಿಯಾದ ಉಂಗುರ ಹಾಕಬೇಕು. ಸಡಿಲವಾಗಿ ಕೂತ ಬ್ಲೇಡ್ ಓಲಾಡುತ್ತದೆ.

ಮರದ ಬ್ಲೇಡ್: ಅಪಾಯ ಹೆಚ್ಚು

ಪ್ಲೈವುಡ್ ಕತ್ತರಿಸಲು ಕಾರ್ಬೈಡ್ ಹಲ್ಲಿನ ಬ್ಲೇಡ್ ಬಳಕೆಯಲ್ಲಿದೆ. ಹಲ್ಲು ಹೆಚ್ಚಿದ್ದರೆ ಅಂಚು ನಯ, ಕಡಿಮೆ ಇದ್ದರೆ ಕೆಲಸ ಬೇಗ. ನಾಲ್ಕಿಂಚಿನ ಬ್ಲೇಡ್‌ನಲ್ಲಿ 40 ಹಲ್ಲಿನದು ಪ್ಲೈವುಡ್‌ಗೆ ಒಗ್ಗುತ್ತದೆ. ಹಲವು ಬಡಗಿಗಳು ಇದನ್ನು ಮಾರ್ಬಲ್ ಕಟರ್‌ಗೇ ಸಿಕ್ಕಿಸುತ್ತಾರೆ. ಅದಕ್ಕೆ ತಳದ ತಟ್ಟೆಯಾದರೂ ಇದೆ. ಗ್ರೈಂಡರ್‌ಗೆ ಹಾಕುವುದಂತೂ ಸರ್ವಥಾ ಸಲ್ಲದು. ಅದಕ್ಕೆ ತಟ್ಟೆಯಿಲ್ಲ, ಆಳದ ನಿಯಂತ್ರಣವಿಲ್ಲ. ಹಲ್ಲು ಮರದ ಗಂಟಿಗೆ ಸಿಕ್ಕಿಕೊಂಡರೆ ಯಂತ್ರ ಹಿಂದಕ್ಕೆ ನೆಗೆದು ಕೈಗೋ ಕುತ್ತಿಗೆಗೋ ಬಡಿಯುತ್ತದೆ. ಸ್ವಿಚ್ ಆರಿಸುವಷ್ಟು ಸಮಯವೂ ಸಿಗುವುದಿಲ್ಲ. ಮರಕ್ಕೆಂದೇ ಇರುವ ಸರ್ಕ್ಯುಲರ್ ಸಾ ಯಂತ್ರದಲ್ಲಿ ಬ್ಲೇಡ್ ಮರದಿಂದ ಹೊರಬಂದೊಡನೆ ಗಾರ್ಡ್ ತಾನಾಗಿ ಮುಚ್ಚಿಕೊಳ್ಳುತ್ತದೆ.

ದೂಳು ಮತ್ತು ನೀರು

ಗ್ರಾನೈಟ್‌ನಲ್ಲಿ ಸುಮಾರು ಕಾಲು ಭಾಗ ಅಥವಾ ಅದಕ್ಕಿಂತ ಹೆಚ್ಚು ಸಿಲಿಕಾ ಇರುತ್ತದೆ. ಕಾರ್ಖಾನೆಯಲ್ಲಿ ತಯಾರಾಗುವ ಕ್ವಾರ್ಟ್ಜ್ ಸ್ಲ್ಯಾಬ್‌ನಲ್ಲಿ ಅದರ ಪ್ರಮಾಣ ಶೇ 90ನ್ನೂ ಮೀರಬಹುದು. ಇದರ ಸೂಕ್ಷ್ಮ ದೂಳು ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್ ಬರುತ್ತದೆ. ಕೋಲಾರ ಚಿನ್ನದ ಗಣಿ ಕಾರ್ಮಿಕರನ್ನು ಕಾಡಿದ, ಗುಣವಾಗದ ಕಾಯಿಲೆ ಇದೇ. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂತಹ ಕೃತಕ ಕಲ್ಲನ್ನೇ ನಿಷೇಧಿಸಿತು. ಮುಖಕ್ಕೆ ಕಟ್ಟಿದ ಕರವಸ್ತ್ರ ಈ ದೂಳನ್ನು ತಡೆಯದು. ಎನ್95 ಮುಖಗವಸು ಬೇಕು, ನೀರು ಹಾಯಿಸುತ್ತಾ ಕೊಯ್ಯಬೇಕು.

ಸಹಾಯಕನೊಬ್ಬ ತೂತು ಮಾಡಿದ ಪ್ಲಾಸ್ಟಿಕ್ ಬಾಟಲಿಯಿಂದ ನೀರು ಸುರಿಯುವುದು ನಗರದ ಕಟ್ಟಡಗಳಲ್ಲಿ ಸಾಮಾನ್ಯ ನೋಟ. ದೂಳಿನ ಮಟ್ಟಿಗೆ ಅದು ಒಳ್ಳೆಯದೇ. ಆದರೆ ನೀರು ಮೋಟರ್‌ಗೆ ಹರಿದರೆ ವಿದ್ಯುತ್ ಆಘಾತವಾಗುತ್ತದೆ. ಆದ್ದರಿಂದ ಕೆಲಸ ಆರಂಭಿಸುವ ಮುನ್ನ ಆ ಪ್ಲಗ್‌ನ ಮಾರ್ಗದಲ್ಲಿ 30 ಮಿಲಿ ಆಂಪಿಯರ್‌ನ ಸೋರಿಕೆ ತಡೆ ಸ್ವಿಚ್ ಇದೆಯೇ ಎಂದು ಮನೆಯವರು ನೋಡಬೇಕು. ಅದರ ಟೆಸ್ಟ್ ಗುಂಡಿ ಒತ್ತಿದಾಗ ವಿದ್ಯುತ್ ಕಡಿತವಾಗಬೇಕು.